ಪಾಂಪೆಯ ಕಲ್ಲುಗಳ ನಡುವೆ ಒಂದು ಗಿಟಾರ್



ರಾಕ್ ಸಂಗೀತವೆಂದೊಡನೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಗದ್ದಲ, ಕಣ್ಣು ಕುಕ್ಕುವ ದೀಪಗಳು, ಕೂದಲು ಇಳಿಬಿಟ್ಟ ಹುಡುಗರು. ಮನೆಯಲ್ಲಿ ಮಕ್ಕಳು ಅದನ್ನು ಹಾಕಿಕೊಂಡರೆ ಹಿರಿಯರು ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಆದರೆ ಆ ಹುಡುಗರಿಗೂ ವಯಸ್ಸಾಗುತ್ತದೆ. 1960ರ ದಶಕದಲ್ಲಿ ಲಂಡನ್ನಿನ ನೆಲಮಾಳಿಗೆಗಳಲ್ಲಿ ಗಿಟಾರ್ ಹಿಡಿದು ನಿಂತವರಲ್ಲಿ ಉಳಿದಿರುವವರು ಇಂದು ಎಂಬತ್ತರ ಆಸುಪಾಸಿನವರು. ನಮ್ಮಲ್ಲಿ ಆ ವಯಸ್ಸಿನ ವಿದ್ವಾಂಸರು ಕಚೇರಿ ಮಾಡಿದರೆ ಅದು ಸಹಜವೆನಿಸುತ್ತದೆ. ವಯಸ್ಸಾದಷ್ಟೂ ಸಂಗೀತ ಮಾಗುತ್ತದೆ ಎಂಬುದು ನಮ್ಮ ನಂಬಿಕೆ. ರಾಕ್ ಸಂಗೀತಕ್ಕೆ ಅಂಥ ಸಂಪ್ರದಾಯವೇ ಇರಲಿಲ್ಲ. ಅದು ಯೌವನಕ್ಕೆಂದೇ ಹುಟ್ಟಿದ ಸಂಗೀತ. ಆದ್ದರಿಂದ ಎಪ್ಪತ್ತು ದಾಟಿದ ರಾಕ್ ಸಂಗೀತಗಾರರೊಬ್ಬರು ಲಾರಿಗಟ್ಟಲೆ ಸಾಮಾನು ಹೇರಿಕೊಂಡು ಬೇಸಗೆಯಲ್ಲಿ ಯುರೋಪಿನ ಊರೂರು ಸುತ್ತುವುದಿದೆಯಲ್ಲ, ಅದು ಹೇಗಿರಬೇಕೆಂದು ಹೇಳಿಕೊಡಲು ಅವರಿಗೆ ಹಿಂದಿನವರು ಯಾರೂ ಇರಲಿಲ್ಲ.

ಅಂಥ ಒಂದು ಪ್ರವಾಸದ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಸಂಗೀತಗಾರರು ಡೇವಿಡ್ ಗಿಲ್ಮೋರ್. ವರ್ಷ 2016. ನಾನು ಸಂಗೀತ ವಿದ್ವಾಂಸನಲ್ಲ. ಓದಿದ್ದು ಭೌತಶಾಸ್ತ್ರ, ಮಾಡುವುದು ದೂರದರ್ಶನದ ಕೆಲಸ. ಹೀಗಾಗಿ ನನ್ನ ಗಮನ ಹಾಡಿನಷ್ಟೇ ತಂತಿ, ಧ್ವನಿವರ್ಧಕ, ಕ್ಯಾಮರಾಗಳ ಮೇಲೂ ಹೋಗುತ್ತದೆ. ತಾವು ಸಹಿಸಿಕೊಳ್ಳಬೇಕು.

ಗಿಲ್ಮೋರ್ ಹುಟ್ಟಿದ್ದು 1946ರ ಮಾರ್ಚ್ 6ರಂದು, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಪಿಂಕ್ ಫ್ಲಾಯ್ಡ್ ಎಂಬ ವೃಂದವನ್ನು ಅವರು ಸೇರಿದ್ದು 1968ರ ಆರಂಭದ ಹೊತ್ತಿಗೆ. ಆ ವೃಂದದ ಮೊದಲ ಗಾಯಕ, ಗೀತರಚನಕಾರ ಸಿಡ್ ಬ್ಯಾರೆಟ್ ಅವರ ಮನಸ್ಸಿನ ಆರೋಗ್ಯ ಕೆಟ್ಟಿತ್ತು. ವೇದಿಕೆಯ ಮೇಲೆ ನಿಲ್ಲುವುದೇ ಕಷ್ಟವಾಗಿತ್ತು. ಅವರ ಜಾಗ ತುಂಬಲು ಬಂದವರು ಗಿಲ್ಮೋರ್. ಉಳಿದ ಮೂವರು ರೋಜರ್ ವಾಟರ್ಸ್, ಡ್ರಮ್ ನುಡಿಸುವ ನಿಕ್ ಮೇಸನ್ ಮತ್ತು ಕೀಲಿಮಣೆ ವಾದ್ಯಗಳ ರಿಚರ್ಡ್ ರೈಟ್. ಈ ರೈಟ್ ಎಂಬ ಹೆಸರನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಧ್ವನಿಮುದ್ರಿಕೆಯಿಂದ ಈ ನಾಲ್ವರು ಜಗತ್ಪ್ರಸಿದ್ಧರಾದರು. ಆಮೇಲಿನ ಜಗಳಗಳ ಕಥೆ ದೊಡ್ಡದು. ಅದು ಇಲ್ಲಿ ಬೇಡ.

ನಮ್ಮ ಕಥೆ ಶುರುವಾಗುವುದು ಆ ಪ್ರಸಿದ್ಧಿಗಿಂತ ಮುಂಚೆ, 1971ರಲ್ಲಿ, ಇಟಲಿಯ ನೇಪಲ್ಸ್ ನಗರದ ಸಮೀಪದ ಪಾಂಪೆಯಲ್ಲಿ. ವೆಸೂವಿಯಸ್ ಜ್ವಾಲಾಮುಖಿ ಕ್ರಿ.ಶ. 79ರಲ್ಲಿ ಸಿಡಿದು ಬೂದಿಯಡಿ ಹೂತುಹಾಕಿದ ಪಟ್ಟಣ ಅದು ಎಂಬುದು ತಮಗೆ ತಿಳಿದಿದೆ. ಆ ಪಟ್ಟಣದ ಒಂದು ಮೂಲೆಯಲ್ಲಿ ಮೊಟ್ಟೆಯಾಕಾರದ ಕಲ್ಲಿನ ಬಯಲು ರಂಗಮಂದಿರವಿದೆ. ಕ್ರಿ.ಪೂ. 70ರ ಸುಮಾರಿಗೆ ಕಟ್ಟಿದ್ದು. ಕಲ್ಲಿನಲ್ಲಿ ಕಟ್ಟಿದ ಇಂಥ ರೋಮನ್ ರಂಗಮಂದಿರಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯದು ಇದೇ. ಸುಮಾರು 20,000 ಜನ ಸುತ್ತಲೂ ಕುಳಿತು ನಡುವಿನ ಅಖಾಡದಲ್ಲಿ ಖಡ್ಗಮಲ್ಲರ ಕಾದಾಟ ನೋಡುತ್ತಿದ್ದರು.

ಏಡ್ರಿಯನ್ ಮೇಬೆನ್ ಎಂಬ ತರುಣ ನಿರ್ದೇಶಕರು ರಜೆಯಲ್ಲಿ ಅಲ್ಲಿಗೆ ಹೋಗಿದ್ದರು. ಪಾಸ್‌ಪೋರ್ಟ್ ಎಲ್ಲೋ ಬಿದ್ದುಹೋಯಿತು. ಸಂಜೆ ಅದನ್ನು ಹುಡುಕಿಕೊಂಡು ಮತ್ತೆ ರಂಗಮಂದಿರಕ್ಕೆ ಬಂದರು. ಪ್ರವಾಸಿಗರೆಲ್ಲ ಹೊರಟುಹೋಗಿದ್ದರು. ಕತ್ತಲಾಗುತ್ತಿತ್ತು. ಕೀಟಗಳ ಸದ್ದು ಕಲ್ಲಿನ ಸುತ್ತುಗೋಡೆಗೆ ತಾಗಿ ದೊಡ್ಡದಾಗಿ ಕೇಳುತ್ತಿತ್ತು. ಪಿಂಕ್ ಫ್ಲಾಯ್ಡ್ ಇಲ್ಲಿ ನುಡಿಸಬೇಕು, ಕೇಳಲು ಯಾರೂ ಇರಬಾರದು ಎಂದು ಅವರಿಗೆ ಹೊಳೆದದ್ದು ಆಗ. ಸಂಗೀತ ಚಿತ್ರವೆಂದರೆ ಲಕ್ಷಾಂತರ ಜನರ ಕೇಕೆ ತೋರಿಸಬೇಕೆಂಬುದು ಅಂದಿನ ವಾಡಿಕೆ. ಮೇಬೆನ್ ಅದನ್ನು ತಿರುವುಮುರುವು ಮಾಡಿದರು. ನೇಪಲ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ನೆರವಿನಿಂದ ಕೆಲವು ದಿನಗಳ ಮಟ್ಟಿಗೆ ಸ್ಥಳವನ್ನು ಮುಚ್ಚಿಸಲು ಅನುಮತಿ ಸಿಕ್ಕಿತು.

ಅಕ್ಟೋಬರ್ ಮೊದಲ ವಾರ. ಲಂಡನ್ನಿನಿಂದ ರಸ್ತೆಯ ಮೂಲಕ ವಾದ್ಯಗಳೂ ಧ್ವನಿವರ್ಧಕಗಳೂ ಬಂದಿಳಿದವು. ವಿದ್ಯುತ್ತೇ ಸಾಲಲಿಲ್ಲ! ಕೊನೆಗೆ ಊರೊಳಗಿನಿಂದ ಬೀದಿಬೀದಿ ಹಾದು ಉದ್ದಕ್ಕೂ ತಂತಿ ಎಳೆಯಬೇಕಾಯಿತು. ಸಿಕ್ಕಿದ್ದ ನಾಲ್ಕಾರು ದಿನಗಳಲ್ಲಿ ಕೆಲವು ಅದರಲ್ಲೇ ಕಳೆದವು. ಹೊರಾಂಗಣ ಚಿತ್ರೀಕರಣ ಮಾಡಿದ ಯಾರಿಗಾದರೂ ಇದನ್ನು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಜನರೇಟರ್ ಬರುತ್ತದೆಂದು ಕಾದು ಕಾದು ಬೆಳಕು ಕಳೆದುಕೊಂಡ ಮಧ್ಯಾಹ್ನಗಳು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಇವೆ. ಅಂತೂ ಪಾಂಪೆಯಲ್ಲಿ ಅವರು ಚಿತ್ರೀಕರಿಸಿದ್ದು ಮೂರೇ ಕೃತಿಗಳನ್ನು. ಉಳಿದದ್ದನ್ನು ಅದೇ ವರ್ಷ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಮಾಡಿ ಜೋಡಿಸಿದರು. ಸಾಲದ್ದಕ್ಕೆ ಕೆಲವು ರೀಲುಗಳು ಕಳೆದುಹೋದವು. 'ಒನ್ ಆಫ್ ದೀಸ್ ಡೇಸ್' ಎಂಬ ಕೃತಿಯಲ್ಲಿ ಬಹುಪಾಲು ಡ್ರಮ್ ವಾದಕ ಮೇಸನ್ ಒಬ್ಬರೇ ಕಾಣುತ್ತಾರಲ್ಲ, ಅದು ನಿರ್ದೇಶಕರ ಕಲಾದೃಷ್ಟಿಯೆಂದು ಬಹಳ ಜನ ಭಾವಿಸಿದ್ದರು. ಅಸಲಿಗೆ ಉಳಿದವರ ರೀಲುಗಳೇ ಇರಲಿಲ್ಲ.

ಆ ಚಿತ್ರದ ಮುಖ್ಯ ಕೃತಿ 'ಎಕೋಸ್', ಅಂದರೆ ಪ್ರತಿಧ್ವನಿಗಳು. ಮುದ್ರಿಕೆಯಲ್ಲಿ ಸುಮಾರು 23 ನಿಮಿಷದ್ದು. ಪಾಂಪೆಯಲ್ಲಿ ಅದನ್ನು ನುಡಿಸಿದಾಗ ಆ ಮುದ್ರಿಕೆ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಅದು ಆರಂಭವಾಗುವುದು ರೈಟ್ ಅವರ ಪಿಯಾನೊದ ಒಂದೇ ಒಂದು ಸ್ವರದಿಂದ. ನೀರಿನ ಹನಿ ಬಾವಿಗೆ ಬಿದ್ದಂತೆ ಆ ಸ್ವರ ಕೇಳಿಸುತ್ತದೆ. ಆ ಸ್ವರವನ್ನು ಅವರು ತಿರುಗುವ ಧ್ವನಿವರ್ಧಕವೊಂದರ ಮೂಲಕ ಹಾಯಿಸಿದ್ದರು. ಧ್ವನಿಯ ಕೊಂಬು ನಮ್ಮತ್ತ ತಿರುಗಿದಾಗ ಸ್ವರ ಕೂದಲೆಳೆಯಷ್ಟು ಏರುತ್ತದೆ, ಅತ್ತ ತಿರುಗಿದಾಗ ಇಳಿಯುತ್ತದೆ. ರೈಲು ಶಿಳ್ಳೆ ಹಾಕಿಕೊಂಡು ಹತ್ತಿರ ಬಂದು ದಾಟಿಹೋಗುವಾಗ ಆಗುವುದೂ ಇದೇ. ಡಾಪ್ಲರ್ ಪರಿಣಾಮವೆಂದು ನಾವು ಕಾಲೇಜಿನಲ್ಲಿ ಸೂತ್ರ ಬರೆದು ಅಂಕ ಗಳಿಸಿದ ವಿಷಯ. ಅದನ್ನು ಕೇಳಿ ಮೈ ಜುಮ್ಮೆನ್ನುವುದು ಸಾಧ್ಯವೆಂದು ನಮಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಯಂತ್ರದ ವಿಚಾರವನ್ನೂ ಹೇಳಿಬಿಡುತ್ತೇನೆ. ಬಿನ್ಸನ್ ಎಕೋರೆಕ್ ಎಂಬ ಪ್ರತಿಧ್ವನಿ ಯಂತ್ರ. ಇಟಲಿಯ ಮಿಲಾನಿನಲ್ಲೇ ತಯಾರಾದದ್ದು. ಒಳಗೆ ಒಂದು ಕಾಂತೀಯ ಚಕ್ರ ಸುತ್ತುತ್ತಿರುತ್ತದೆ. ಗಿಟಾರಿನ ಸದ್ದನ್ನು ಒಂದು ತಲೆ ಅದರ ಮೇಲೆ ಬರೆಯುತ್ತದೆ. ಮುಂದೆ ಕೂತ ಬೇರೆ ತಲೆಗಳು ಸೆಕೆಂಡಿನ ಅಲ್ಪ ಭಾಗ ತಡವಾಗಿ ಅದನ್ನು ಓದುತ್ತವೆ. ಹೀಗೆ ಯಂತ್ರದಿಂದ ಹುಟ್ಟಿಸಿದ ಪ್ರತಿಧ್ವನಿಯನ್ನು ಹೊತ್ತುಕೊಂಡು, ನಿಜವಾದ ಪ್ರತಿಧ್ವನಿ ಇರುವ ಜಾಗಕ್ಕೆ ಅವರು ಬಂದಿದ್ದರು. ಅಖಾಡ ಸುಮಾರು 67 ಮೀಟರ್ ಉದ್ದ, 35 ಮೀಟರ್ ಅಗಲ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಪಕ್ಕದ ಗೋಡೆ ಹದಿನೇಳೂವರೆ ಮೀಟರ್ ದೂರ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಕನಿಷ್ಠ 17 ಮೀಟರ್ ದೂರವಿರಬೇಕೆಂದು ಶಾಲೆಯ ಪಠ್ಯಪುಸ್ತಕ ಹೇಳುತ್ತದೆ. ರೋಮನ್ನರು ಆ ಪುಸ್ತಕ ಓದಿರಲಿಲ್ಲ, ಬಿಡಿ.

ಅಲ್ಲಿಂದ 1989ಕ್ಕೆ ಬರೋಣ. ಆ ವರ್ಷ ಜುಲೈ 15ರಂದು ವೆನಿಸ್ಸಿನಲ್ಲಿ ಪಿಂಕ್ ಫ್ಲಾಯ್ಡ್ ಕಚೇರಿ. ಆ ವೇಳೆಗೆ ವಾಟರ್ಸ್ ವೃಂದ ಬಿಟ್ಟಿದ್ದರು, ಗಿಲ್ಮೋರ್ ಮುಂದಾಳು. ಸಂತ ಮಾರ್ಕನ ಚೌಕದೆದುರು ನೀರಿನ ಮೇಲೆ ತೇಲುವ ವೇದಿಕೆ. ಧ್ವನಿಯ ಕಂಪನಕ್ಕೆ ಚರ್ಚಿನ ಮೊಸಾಯಿಕ್ ಉದುರಬಹುದೆಂದು ಪುರಾತತ್ವ ಅಧಿಕಾರಿಗಳು ಕೊನೆಯ ಗಳಿಗೆಯಲ್ಲಿ ತಡೆ ಒಡ್ಡಿದರು. ಕೊನೆಗೆ ವೇದಿಕೆಯನ್ನು ಸುಮಾರು 200 ಗಜ ದೂರ ಇಡುವುದೆಂದೂ ಶಬ್ದವನ್ನು 100 ಡೆಸಿಬೆಲ್‌ನಿಂದ 60ಕ್ಕೆ ಇಳಿಸುವುದೆಂದೂ ರಾಜಿಯಾಯಿತು. ಈ ಡೆಸಿಬೆಲ್ ಅಳತೆಯಲ್ಲಿ ಒಂದು ಮೋಜಿದೆ. ಹತ್ತು ಡೆಸಿಬೆಲ್ ಇಳಿದರೆ ಧ್ವನಿಯ ಶಕ್ತಿ ಹತ್ತನೇ ಒಂದು ಭಾಗವಾಗುತ್ತದೆ. ನಲವತ್ತು ಇಳಿದರೆ ಹತ್ತು ಸಾವಿರದ ಒಂದು ಭಾಗ! ಅರುವತ್ತು ಡೆಸಿಬೆಲ್ ಎಂದರೆ ಇಬ್ಬರು ಎದುರುಬದುರು ಕುಳಿತು ಮಾತಾಡುವ ಸದ್ದು. ಸುಮಾರು ಎರಡು ಲಕ್ಷ ಜನ ಸೇರಿದ್ದ ಕಡೆ ಜನ ಉಸಿರು ಬಿಟ್ಟರೂ ಅದಕ್ಕಿಂತ ಹೆಚ್ಚು. ಕಾಗದದ ಮೇಲೆ ಎಲ್ಲರೂ ಒಪ್ಪಿದರು ಎನ್ನೋಣ. ಇಟಲಿಯ ದೂರದರ್ಶನ ಅದನ್ನು ನೇರ ಪ್ರಸಾರ ಮಾಡಿತು. ಹತ್ತಾರು ದೇಶಗಳು ನೋಡಿದವು. ಪ್ರಸಾರದ ಅವಧಿಗೆ ಹೊಂದುವಂತೆ ಹಾಡುಗಳನ್ನು ತೊಂಬತ್ತು ನಿಮಿಷಕ್ಕೆ ಕತ್ತರಿಸಿ ಕೂರಿಸಬೇಕಾಯಿತು. ಜನ ಬಿಟ್ಟುಹೋದ ಕಸ ತೆಗೆಯಲು ಸೈನ್ಯ ಬರಬೇಕಾಯಿತು. ನಗರದ ಮೇಯರ್ ಮತ್ತು ಆಡಳಿತ ಮಂಡಳಿ ರಾಜೀನಾಮೆ ಕೊಟ್ಟರು. ಹಂಪಿಯಲ್ಲಿ, ಪಟ್ಟದಕಲ್ಲಿನಲ್ಲಿ ಉತ್ಸವಗಳನ್ನು ನೋಡುವ ನಮಗೆ ಈ ವಾದವಿವಾದ ಅಪರಿಚಿತವೇನಲ್ಲ. ಸ್ಮಾರಕದ ಮುಂದೆ ಹಾಡಬೇಕೆಂಬ ಆಸೆ, ಸ್ಮಾರಕ ಉಳಿಯಬೇಕೆಂಬ ಚಿಂತೆ, ಎರಡೂ ನ್ಯಾಯವೇ.

ಹೀಗಾಗಿ 2015ರ ಸೆಪ್ಟೆಂಬರಿನಲ್ಲಿ 'ರ್‍ಯಾಟಲ್ ದಟ್ ಲಾಕ್' ಎಂಬ ಹೊಸ ಮುದ್ರಿಕೆಯೊಂದಿಗೆ ಗಿಲ್ಮೋರ್ ಮತ್ತೆ ಪ್ರವಾಸ ಹೊರಟಾಗ ಅವರು ಆರಿಸಿಕೊಂಡ ಜಾಗಗಳು ಕುತೂಹಲ ಹುಟ್ಟಿಸುತ್ತವೆ. ಆ ಮುದ್ರಿಕೆಯ ಶೀರ್ಷಿಕೆ ಗೀತೆಯ ಮೂಲವೂ ಪ್ರಯಾಣದ್ದೇ. ಫ್ರಾನ್ಸಿನ ಒಂದು ರೈಲು ನಿಲ್ದಾಣದಲ್ಲಿ ಪ್ರಕಟಣೆಗೆ ಮುನ್ನ ಬರುವ ನಾಲ್ಕು ಸ್ವರಗಳ ಗಂಟೆಯನ್ನು ಕೇಳಿ, ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡು, ಅದರ ಮೇಲೆ ಹಾಡು ಕಟ್ಟಿದರು. ನಮ್ಮ ನಿಲ್ದಾಣಗಳಲ್ಲಿ 'ಪ್ರಯಾಣಿಕರ ಗಮನಕ್ಕೆ' ಎನ್ನುವ ಮೊದಲು ಬರುವ ಗಂಟೆಯನ್ನು ಕೇಳಿ ಯಾರಾದರೂ ಪಲ್ಲವಿ ಬರೆದಂತೆ. ಮೂಲ ಸ್ವರಗಳ ಕರ್ತೃ ಮೈಕೇಲ್ ಬೂಮೆಂಡಿಲ್ ಅವರ ಹೆಸರೂ ಹಾಡಿಗೆ ಸೇರಿತು ಎಂಬುದು ಮೆಚ್ಚಬೇಕಾದ ಸಂಗತಿ.

ಮೊದಲ ವರ್ಷ ಕ್ರೊಯೇಷಿಯದ ಪೂಲಾ ನಗರದ ರೋಮನ್ ರಂಗಮಂದಿರ, ಇಟಲಿಯ ವೆರೋನ, ಫ್ರಾನ್ಸಿನ ಒರಾಂಜ್. ಮರುವರ್ಷ ಬೇಸಗೆಯ ಸುತ್ತು ಶುರುವಾದದ್ದು 2016ರ ಜೂನ್ 25ರಂದು ಪೋಲೆಂಡಿನ ವ್ರೋತ್ಸ್ವಾಫ್‌ನಲ್ಲಿ. ಆ ವರ್ಷ ಯುರೋಪಿನ ಸಾಂಸ್ಕೃತಿಕ ರಾಜಧಾನಿಯೆಂದು ಗೌರವ ಪಡೆದಿದ್ದ ನಗರಗಳಲ್ಲಿ ಅದೂ ಒಂದು. ಅಲ್ಲಿಂದ ವಿಯೆನ್ನಾದ ಶ್ಯೋನ್‌ಬ್ರುನ್ ಅರಮನೆಯ ಅಂಗಳ, ರೋಮಿನ ಸರ್ಕಸ್ ಮ್ಯಾಕ್ಸಿಮಸ್, ಪಾಂಪೆ, ಮತ್ತೆ ವೆರೋನ, ಜರ್ಮನಿಯ ಎರಡು ಊರು, ಫ್ರಾನ್ಸಿನ ಶಾಂಟಿಯಿ ಕೋಟೆ, ನೀಮ್‌ನ ರೋಮನ್ ಅಖಾಡ, ಆರ್ಕ್-ಎ-ಸೆನಾನ್ಸ್‌ನ ಹದಿನೆಂಟನೇ ಶತಮಾನದ ಉಪ್ಪಿನ ಕಾರ್ಖಾನೆ, ಜುಲೈ ಕೊನೆಗೆ ಬೆಲ್ಜಿಯಂ. ಕ್ರೀಡಾಂಗಣಗಳಲ್ಲಿ ಹಾಡಿದ್ದರೆ ಇದಕ್ಕಿಂತ ಬಹಳ ಹೆಚ್ಚು ಜನಕ್ಕೆ ಟಿಕೆಟು ಮಾರಬಹುದಿತ್ತು.

ತಾರೀಖು ಗಮನಿಸಿ. ಬ್ರಿಟನ್ ಯುರೋಪಿನ ಒಕ್ಕೂಟವನ್ನು ಬಿಡಬೇಕೆಂದು ಜನಮತ ಹೇಳಿದ್ದು ಜೂನ್ 23ರಂದು. ಎರಡೇ ದಿನಗಳ ನಂತರ ಒಬ್ಬ ಬ್ರಿಟಿಷ್ ಸಂಗೀತಗಾರರು ಪೋಲೆಂಡಿನ ವಾದ್ಯವೃಂದದ ಜೊತೆ ನಿಂತು ಹಾಡುತ್ತಿದ್ದಾರೆ. ಆ ಬೇಸಗೆಯಲ್ಲಿ ಅವರ ಲಾರಿಗಳು ದೇಶದಿಂದ ದೇಶಕ್ಕೆ ಯಾವ ಕಾಗದವನ್ನೂ ತೋರಿಸದೆ ಸಾಗಿದವು. 2021ರಿಂದ ಹಾಗಿಲ್ಲ. ಗಿಟಾರ್, ತಂತಿ, ಧ್ವನಿವರ್ಧಕ ಎಲ್ಲದರ ಪಟ್ಟಿ ಮಾಡಿ ಸುಂಕದವರ ಮುದ್ರೆ ಹಾಕಿಸಬೇಕು. ಬ್ರಿಟಿಷ್ ಲಾರಿ ಯುರೋಪಿನೊಳಗೆ ಎರಡು ಮೂರು ಕಡೆ ಮಾತ್ರ ನಿಲ್ಲಬಹುದು, ಆಮೇಲೆ ಮನೆಗೆ ಹಿಂತಿರುಗಬೇಕು. ಗಿಲ್ಮೋರ್ ಅವರಂಥ ಸಿರಿವಂತರಿಗೆ ಇದು ಕಿರುಕುಳವಷ್ಟೆ. ಒಂದು ವ್ಯಾನಿನಲ್ಲಿ ನಾಲ್ಕು ಜನ ಹತ್ತಿಕೊಂಡು ಯುರೋಪಿನಲ್ಲಿ ಹೆಸರು ಮಾಡಲು ಹೊರಡುವ ಹುಡುಗರಿಗೆ ಇದು ಗೋಡೆ. ಪಿಂಕ್ ಫ್ಲಾಯ್ಡ್ ಕೂಡ ಒಂದು ಕಾಲಕ್ಕೆ ಅಂಥ ಹುಡುಗರೇ.

ಬಯಲಿನಲ್ಲಿ ಸಂಗೀತ ಕೇಳಿಸುವ ಕಷ್ಟ ನೋಡುವವರಿಗೆ ತಿಳಿಯುವುದಿಲ್ಲ. ಜುಲೈ 2 ಮತ್ತು 3ರಂದು ರೋಮಿನಲ್ಲಿ ಕಚೇರಿ. ಸರ್ಕಸ್ ಮ್ಯಾಕ್ಸಿಮಸ್ ಎಂದರೆ ಹಿಂದೆ ರಥಗಳ ಪಂದ್ಯ ನಡೆಯುತ್ತಿದ್ದ ಮೈದಾನ, ಉದ್ದ ಸುಮಾರು 600 ಮೀಟರ್. (ಮೊದಲ ದಿನ ರಾತ್ರಿಯೇ ಯುರೋಪ್ ಕಪ್ ಫುಟ್‌ಬಾಲಿನಲ್ಲಿ ಇಟಲಿ ಜರ್ಮನಿಗೆ ಪೆನಾಲ್ಟಿಗಳಲ್ಲಿ ಸೋತಿತು. ಆ ರಾತ್ರಿ ರೋಮಿನಲ್ಲಿ ಜನರನ್ನು ಹಾಡಿನ ಕಡೆ ಸೆಳೆಯುವುದು ಸಣ್ಣ ಕೆಲಸವಲ್ಲ.) ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ 100 ಮೀಟರ್ ದೂರ ನಿಂತವನಿಗೆ ಸ್ವರ ತಲುಪುವುದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಹೊತ್ತಿನ ಮೇಲೆ. ಬೆಳಕಿಗೆ ಆ ವಿಳಂಬವಿಲ್ಲ. ದೂರದಲ್ಲಿರುವವರಿಗೆಂದು ನಡುವೆ ಇನ್ನೊಂದು ಧ್ವನಿವರ್ಧಕದ ಗೋಪುರ ನಿಲ್ಲಿಸಿದರೆ ತಂತಿಯಲ್ಲಿ ಬರುವ ವಿದ್ಯುತ್ ಸಂಕೇತ ತಕ್ಷಣ ತಲುಪಿಬಿಡುತ್ತದೆ. ವೇದಿಕೆಯ ನಿಜವಾದ ಸದ್ದು ಹಿಂದಿನಿಂದ ತಡವಾಗಿ ಬಂದು ಸೇರುತ್ತದೆ. ಒಂದೇ ಹಾಡು ಎರಡು ಬಾರಿ ಕೇಳುತ್ತದೆ. ಅದಕ್ಕಾಗಿ ಗೋಪುರದ ಸದ್ದನ್ನು ಬೇಕೆಂದೇ ತಡಮಾಡುತ್ತಾರೆ. ಎಷ್ಟು ತಡವೆಂಬುದು ಗಾಳಿಯ ಉಷ್ಣತೆಯ ಮೇಲೂ ಹೋಗುತ್ತದೆ. ಸಂಜೆ 30 ಡಿಗ್ರಿ ಇದ್ದದ್ದು ರಾತ್ರಿ 20ಕ್ಕೆ ಇಳಿದರೆ ನೂರು ಮೀಟರಿನಲ್ಲಿ ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ವ್ಯತ್ಯಾಸ. ಒಳ್ಳೆಯ ಧ್ವನಿ ಇಂಜಿನಿಯರು ಅದನ್ನೂ ಬಿಡುವುದಿಲ್ಲ. ಕೇಳುವವರು ಮನೆಗೆ ಹೋಗುವಾಗ ಗಿಟಾರಿನ ಬಗ್ಗೆ ಮಾತಾಡಿಕೊಂಡು ಹೋಗುತ್ತಾರೆ. ಇಂಜಿನಿಯರಿನ ನೆನಪಾಗುವುದು ಸದ್ದು ಕೆಟ್ಟಾಗ ಮಾತ್ರ.

ಇನ್ನು ಬೆರಳುಗಳ ವಿಷಯ. ಗಿಲ್ಮೋರ್ ಅವರದು ವೇಗದ ವಾದನವಲ್ಲ. ಒಂದು ಸ್ವರವನ್ನು ಹಿಡಿದು, ತಂತಿಯನ್ನು ಪಕ್ಕಕ್ಕೆ ಎಳೆದು, ಅದನ್ನು ಮೇಲಿನ ಸ್ವರಕ್ಕೆ ಜಾರಿಸಿ, ಅಲ್ಲಿ ನಿಲ್ಲಿಸಿ ತೂಗುವುದು ಅವರ ಶೈಲಿ. ವೀಣೆಯ ಗಮಕ ಕೇಳಿದ ಕಿವಿಗೆ ಇದು ಬೇಗ ಹಿಡಿಸುತ್ತದೆ. ಪಾಶ್ಚಾತ್ಯ ಗಿಟಾರ್ ವಾದಕರಲ್ಲಿ ನನಗೆ ಅವರು ಹತ್ತಿರದವರೆನಿಸುವುದು ಈ ಕಾರಣಕ್ಕೇ. ಆದರೆ ಇದಕ್ಕೆ ಶಕ್ತಿ ಬೇಕು. ತಂತಿಯ ಕಂಪನಸಂಖ್ಯೆ ಅದರ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಸ್ವರವನ್ನು ಷಡ್ಜದಿಂದ ಚತುಃಶ್ರುತಿ ರಿಷಭದಷ್ಟು ಏರಿಸಲು ಬಿಗಿತ ನೂರಕ್ಕೆ ಇಪ್ಪತ್ತಾರರಷ್ಟು ಹೆಚ್ಚಬೇಕು. ಅಂತರ ಗಾಂಧಾರದವರೆಗೆ ಎಳೆಯಬೇಕಾದರೆ ಐವತ್ತೊಂಬತ್ತರಷ್ಟು. ಎರಡೂವರೆ ಗಂಟೆ, ಒಂದು ರಾತ್ರಿ ಬಿಟ್ಟು ಒಂದು ರಾತ್ರಿ, ಎಪ್ಪತ್ತನೇ ವಯಸ್ಸಿನಲ್ಲಿ. ಕಂಠವೂ ಹಾಗೆಯೇ. ಮೇಲಿನ ಸ್ಥಾಯಿಯಲ್ಲಿ ಗಂಟಲು ತುಸು ಒರಟಾಗಿದೆ, ಅದನ್ನು ಮರೆಮಾಚಲು ಅವರು ಹೋಗಲಿಲ್ಲ. ನನಗೆ ಅದು ಇಷ್ಟವಾಯಿತು.

ಜುಲೈ 7 ಮತ್ತು 8, ಪಾಂಪೆ. ನಲವತ್ತೈದು ವರ್ಷಗಳ ಬಳಿಕ ಅದೇ ಅಖಾಡ. ಕ್ರಿ.ಶ. 79ರ ತರುವಾಯ ಅಲ್ಲಿ ಪ್ರೇಕ್ಷಕರೆದುರು ನಡೆದ ಮೊದಲ ರಾಕ್ ಕಚೇರಿ ಅದು. ಪಟ್ಟಣದ ಮೇಯರ್ ಅವರಿಗೆ ಗೌರವ ಪೌರತ್ವ ಕೊಟ್ಟರು. ಕಲ್ಲಿನ ಪಾವಟಿಗೆಗಳು ಶಿಥಿಲವಾಗಿರುವುದರಿಂದ ಅಲ್ಲಿ ಯಾರನ್ನೂ ಕೂರಿಸುವಂತಿರಲಿಲ್ಲ. ಹಾಗಾಗಿ ಸುಮಾರು 2,600 ಜನ ನಿಂತದ್ದು ಖಡ್ಗಮಲ್ಲರು ನಿಲ್ಲುತ್ತಿದ್ದ ಜಾಗದಲ್ಲಿ. ಒಂದು ಹಳೆಯ ಪ್ರಸಂಗವನ್ನು ಇಲ್ಲಿ ಹೇಳದೆ ಇರಲಾರೆ. ಕ್ರಿ.ಶ. 59ರಲ್ಲಿ ಇದೇ ರಂಗಮಂದಿರದಲ್ಲಿ ಪಾಂಪೆಯವರಿಗೂ ಪಕ್ಕದ ನುಕೇರಿಯ ಊರಿನವರಿಗೂ ಪಂದ್ಯದ ನಡುವೆ ಬೈಗುಳ ಶುರುವಾಗಿ, ಕಲ್ಲು ತೂರಾಟವಾಗಿ, ಕೊನೆಗೆ ಕತ್ತಿಗಳು ಹೊರಬಂದು ಬಹಳ ಜನ ಸತ್ತರು. ರೋಮಿನ ಆಡಳಿತ ಹತ್ತು ವರ್ಷ ಅಲ್ಲಿ ಅಂಥ ಕೂಟಗಳನ್ನೇ ನಿಷೇಧಿಸಿತೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಆ ಗಲಭೆಯ ಭಿತ್ತಿಚಿತ್ರ ನೇಪಲ್ಸ್ ವಸ್ತುಸಂಗ್ರಹಾಲಯದಲ್ಲಿದೆ. ಪ್ರೇಕ್ಷಕರ ಸುರಕ್ಷತೆಯ ಅನುಮತಿಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ನಮ್ಮ ಕಾರ್ಯಕ್ರಮ ಸಂಯೋಜಕರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು.

ಜುಲೈ 7 ಎಂಬುದು ಇನ್ನೊಂದು ಕಾರಣಕ್ಕೂ ಮುಖ್ಯ. ಸಿಡ್ ಬ್ಯಾರೆಟ್ ತೀರಿಕೊಂಡದ್ದು 2006ರ ಜುಲೈ 7ರಂದು. ಅಂದಿಗೆ ಸರಿಯಾಗಿ ಹತ್ತು ವರ್ಷ. ಅವರ ನೆನಪಿನಿಂದ ಹುಟ್ಟಿದ 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಆ ರಾತ್ರಿಯೂ ಇತ್ತು. ಮೊದಲಿಗೆ ಒಂದೇ ಮಂದ್ರ ನಾದ ಬಹಳ ಹೊತ್ತು ಹರಡಿಕೊಳ್ಳುತ್ತದೆ, ನಮ್ಮ ತಂಬೂರಿಯ ಹಾಗೆ. ಆಮೇಲೆ ಅದರ ಮೇಲೆ ಗಿಟಾರ್ ಆತುರವಿಲ್ಲದೆ ಆಲಾಪನೆಗೆ ಇಳಿಯುತ್ತದೆ. ಕೈಯಲ್ಲಿದ್ದದ್ದು 1970ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಕಪ್ಪು ಗಿಟಾರ್. 1971ರಲ್ಲೂ ಅದೇ ಅಲ್ಲಿಗೆ ಬಂದಿತ್ತು.

ಹಾಡುಗಳನ್ನು ಜೋಡಿಸಿದ ಕ್ರಮದಲ್ಲಿ ಒಂದು ಕಡೆ ಮನಸ್ಸು ನಿಲ್ಲುತ್ತದೆ. ಮೊದಲ ಭಾಗದ ನಡುವೆ 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ' ಬಂತು. ಸಾವಿನ ಕುರಿತಾದ ಈ ಕೃತಿಯ ಸ್ವರಸಂಯೋಜನೆ ರಿಚರ್ಡ್ ರೈಟ್ ಅವರದು. ಬೂದಿಯಲ್ಲಿ ಹೂತ ದೇಹಗಳ ಅಚ್ಚುಗಳನ್ನು ಇಟ್ಟಿರುವ ಊರಿನಲ್ಲಿ ಅದನ್ನು ಮಾತಿಲ್ಲದ ಬರಿಯ ಕಂಠದಿಂದ ಹಾಡಿದರು. ಅದರ ಬೆನ್ನಿಗೇ 'ಎ ಬೋಟ್ ಲೈಸ್ ವೇಟಿಂಗ್'. ಇದು ರೈಟ್ ಅವರನ್ನು ನೆನೆದು ಗಿಲ್ಮೋರ್ ಮಾಡಿದ ಹಾಡು. ಅದರ ಧ್ವನಿಮುದ್ರಿಕೆಯಲ್ಲಿ ರೈಟ್ ಮಾತಾಡಿದ ಧ್ವನಿಯ ತುಣುಕೊಂದನ್ನು ಸೇರಿಸಿದ್ದಾರೆ. ಆಮೇಲೆ 'ವಿಶ್ ಯು ವರ್ ಹಿಯರ್'.

ರೈಟ್ 2008ರ ಸೆಪ್ಟೆಂಬರ್ 15ರಂದು ಕ್ಯಾನ್ಸರಿನಿಂದ ತೀರಿಕೊಂಡರು, 65ನೇ ವಯಸ್ಸಿನಲ್ಲಿ. ಅವರದು ಮುಂದೆ ಬರುವ ಸ್ವಭಾವವಲ್ಲ. ಎಪ್ಪತ್ತರ ದಶಕದ ಕೊನೆಗೆ ಅವರನ್ನು ವೃಂದದಿಂದ ಹೊರಗೆ ಹಾಕಿದರು. ಆದರೆ 'ದಿ ವಾಲ್' ಕಚೇರಿಗಳಿಗೆ ಸಂಬಳದ ವಾದಕರಾಗಿ ಕರೆದರು. ಆ ಕಚೇರಿಗಳು ಭಾರಿ ನಷ್ಟ ತಂದವು. ಒಡೆಯರು ಮೂವರು ನಷ್ಟ ಹೊತ್ತರು, ಸಂಬಳದವರು ಹಣ ಎಣಿಸಿಕೊಂಡು ಹೋದರು! ಮುಂದೆ ಗಿಲ್ಮೋರ್ ಅವರೇ ಅವರನ್ನು ಮತ್ತೆ ಕರೆತಂದರು. 2006ರ ಬೇಸಗೆಯ ಪ್ರವಾಸದಲ್ಲಿ ಇಬ್ಬರೂ ಜೊತೆಗಿದ್ದರು. ಆ ಪ್ರವಾಸ ಮುಗಿದದ್ದು ಆಗಸ್ಟ್ 26ರಂದು ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ, ಸಾಲಿಡಾರಿಟಿ ಕಾರ್ಮಿಕ ಸಂಘಟನೆಯ ವಾರ್ಷಿಕೋತ್ಸವದಲ್ಲಿ. ಅಲ್ಲಿ 'ಎಕೋಸ್' ನುಡಿಸಿದರು. ಆ ಕಚೇರಿಯ ಮುದ್ರಿಕೆ ಅಂಗಡಿಗೆ ಬಂದದ್ದು 2008ರ ಸೆಪ್ಟೆಂಬರ್ 22ರಂದು, ರೈಟ್ ತೀರಿಕೊಂಡು ಒಂದು ವಾರಕ್ಕೆ.

ಪಾಂಪೆಯಲ್ಲಿ ಸೇರಿದ ಜನ ಯಾವುದಕ್ಕಾಗಿ ಕಾದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆ ಕಲ್ಲುಗಳ ನಡುವೆ, ವೆಸೂವಿಯಸ್ಸಿನ ತಪ್ಪಲಿನಲ್ಲಿ, ಪ್ರತಿಧ್ವನಿಯೆಂಬ ಹೆಸರಿನ ಕೃತಿ. 1971ರ ಚಿತ್ರ ಆರಂಭವಾಗುವುದೂ ಮುಗಿಯುವುದೂ ಅದರಿಂದಲೇ. ಅದನ್ನು ಅವರು ನುಡಿಸಲಿಲ್ಲ. 1971ರ ಕೃತಿಗಳಲ್ಲಿ ಅಂದು ಮರಳಿ ಬಂದದ್ದು 'ಒನ್ ಆಫ್ ದೀಸ್ ಡೇಸ್' ಒಂದೇ. ರೈಟ್ ಇಲ್ಲದೆ 'ಎಕೋಸ್' ನುಡಿಸಲಾಗದೆಂದು ಗಿಲ್ಮೋರ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದರಲ್ಲಿ ತಾವಿಬ್ಬರೂ ಒಬ್ಬರಿಗೊಬ್ಬರು ಉತ್ತರಿಸುತ್ತಿದ್ದ ರೀತಿ ಇನ್ನೊಬ್ಬರು ಕಲಿತು ಒಪ್ಪಿಸುವಂಥದ್ದಲ್ಲ ಎಂಬುದು ಅವರ ಮಾತಿನ ಸಾರಾಂಶ.

ಈ ನಿರ್ಧಾರ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕೀಲಿಮಣೆಗೆ ಅಂದು ಕುಳಿತಿದ್ದವರು ಸಾಮಾನ್ಯರಲ್ಲ. ಚಕ್ ಲೆವೆಲ್, ಗ್ರೆಗ್ ಫಿಲಿಂಗೇನ್ಸ್ ಇಬ್ಬರೂ ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳನ್ನು ಕಂಡವರು. ಆ ಒಂದು ಸ್ವರವನ್ನು ಒತ್ತುವುದು ಮಗುವಿಗೂ ಸಾಧ್ಯ. ತಿರುಗುವ ಧ್ವನಿವರ್ಧಕ ಬಾಡಿಗೆಗೆ ಸಿಗುತ್ತದೆ. ಗಿಲ್ಮೋರ್ ಸ್ವತಃ ಬ್ಯಾರೆಟ್ ಜಾಗಕ್ಕೆ ಬಂದವರು, ಬೇರೆಯವರ ಜಾಗ ತುಂಬಬಹುದೆಂಬುದಕ್ಕೆ ಅವರೇ ಸಾಕ್ಷಿ. ರೈಟ್ ನುಡಿಸುತ್ತಿದ್ದ ಮಿಕ್ಕ ಭಾಗಗಳನ್ನೆಲ್ಲ ಆ ರಾತ್ರಿ ಬೇರೆಯವರು ನುಡಿಸಿದರು, ಚೆನ್ನಾಗಿಯೇ ನುಡಿಸಿದರು. ಹಾಗಿದ್ದರೆ ಇದೊಂದು ಯಾಕೆ ಬೇಡ? ಒಬ್ಬ ಹಿರಿಯ ಗಾಯಕರಿಗೆ ನಲವತ್ತು ವರ್ಷ ಮೃದಂಗ ನುಡಿಸಿದವರು ತೀರಿಕೊಂಡರೆ ಗಾಯಕರು ಕಚೇರಿ ನಿಲ್ಲಿಸುವುದಿಲ್ಲ. ಇನ್ನೊಬ್ಬರು ಬಂದು ಕೂರುತ್ತಾರೆ. ಆದರೆ ಯಾವುದೋ ಒಂದು ಪಲ್ಲವಿಯನ್ನು ಆಮೇಲೆ ಅವರು ಎತ್ತಿಕೊಳ್ಳುವುದೇ ಇಲ್ಲ. ಸಭೆಯಿಂದ ಚೀಟಿ ಬಂದರೂ ನಕ್ಕು ಸುಮ್ಮನಾಗುತ್ತಾರೆ. 'ಎಕೋಸ್'ನಲ್ಲಿ ಇಬ್ಬರ ಕಂಠಗಳೂ ಉದ್ದಕ್ಕೂ ಜೊತೆಯಾಗಿ ಹೋಗುತ್ತವೆ. ಯಾರದು ಯಾವುದೆಂದು ಬಿಡಿಸುವುದು ಕಷ್ಟ. ಟಿಕೆಟು ಕೊಂಡವರಿಗೆ ಬೇಕಾದದ್ದನ್ನು ಕೊಡಬೇಕಲ್ಲವೇ ಎಂದು ನಮ್ಮ ವೃತ್ತಿಯವರು ಕೇಳುತ್ತಾರೆ. ನಾನೂ ಕೇಳುತ್ತಿದ್ದೆ. ಆದರೆ ಚಿತ್ರೀಕರಣಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇರೆ ಸಿಗದೆಂದು ಗೊತ್ತಿದ್ದೂ, ಕ್ಯಾಮರಾಗಳು ಸಾಲಾಗಿ ನಿಂತಿದ್ದ ರಾತ್ರಿ, ಅದನ್ನು ಬಿಟ್ಟುಕೊಟ್ಟರು ಎಂಬುದರಲ್ಲಿ ನನಗೆ ಆ ಪ್ರವಾಸದ ತೂಕವೆಲ್ಲ ಕಾಣುತ್ತದೆ. ಗ್ಯಾವಿನ್ ಎಲ್ಡರ್ ನಿರ್ದೇಶಿಸಿದ ಆ ಚಿತ್ರ 2017ರ ಸೆಪ್ಟೆಂಬರ್ 13ರಂದು ಅನೇಕ ದೇಶಗಳ ಚಿತ್ರಮಂದಿರಗಳಲ್ಲಿ ತೆರೆಕಂಡಿತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಆ ಕಪ್ಪು ಗಿಟಾರನ್ನು ಗಿಲ್ಮೋರ್ 2019ರ ಜೂನ್ 20ರಂದು ನ್ಯೂಯಾರ್ಕಿನಲ್ಲಿ ಹರಾಜು ಹಾಕಿಸಿದರು. ಸುಮಾರು 40 ಲಕ್ಷ ಡಾಲರಿಗೆ ಹೋಯಿತು. ಅದರ ಜೊತೆ ಮಾರಿದ ನೂರಕ್ಕೂ ಹೆಚ್ಚು ಗಿಟಾರುಗಳ ಹಣವೂ ಸೇರಿ ಎರಡು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಪರಿಸರ ರಕ್ಷಣೆಗಾಗಿ ನ್ಯಾಯಾಲಯಗಳಲ್ಲಿ ಹೋರಾಡುವ ಕ್ಲೈಂಟ್ ಅರ್ಥ್ ಸಂಸ್ಥೆಗೆ ಕೊಟ್ಟರು. 2024ರಲ್ಲಿ 'ಲಕ್ ಆ್ಯಂಡ್ ಸ್ಟ್ರೇಂಜ್' ಎಂಬ ಮುದ್ರಿಕೆ ಬಂತು. ಅದರ ಶೀರ್ಷಿಕೆ ಗೀತೆಯಲ್ಲಿ ಕೇಳುವ ಕೀಲಿಮಣೆ ರೈಟ್ ಅವರದ್ದೇ. 2007ರಲ್ಲಿ ಗಿಲ್ಮೋರ್ ಅವರ ಮನೆಯ ಕಣಜದಲ್ಲಿ ಎಲ್ಲರೂ ಸುಮ್ಮನೆ ಕುಳಿತು ನುಡಿಸಿದ್ದನ್ನು ಮುದ್ರಿಸಿಟ್ಟಿದ್ದರು; ಹದಿನೇಳು ವರ್ಷಗಳ ನಂತರ ಅದರ ಮೇಲೆ ಹಾಡು ಕಟ್ಟಿದರು. ಆ ವರ್ಷ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ರೋಮಿನ ಅದೇ ಸರ್ಕಸ್ ಮ್ಯಾಕ್ಸಿಮಸ್‌ನಲ್ಲಿ ಆರು ರಾತ್ರಿ ಹಾಡಿದರು. ಮಗಳು ರೋಮನಿ ಹಾರ್ಪ್ ನುಡಿಸಿ ಹಾಡಿದಳು. 'ಎಕೋಸ್' ಅಲ್ಲೂ ಇರಲಿಲ್ಲ.

1971ರ ಚಿತ್ರವನ್ನು ಮೂಲ ನೆಗೆಟಿವ್‌ನಿಂದ ಶುಚಿಗೊಳಿಸಿ, ಸಂಗೀತವನ್ನು ಹೊಸದಾಗಿ ಮಿಶ್ರಣ ಮಾಡಿ 2025ರ ಏಪ್ರಿಲ್‌ನಲ್ಲಿ ಮತ್ತೆ ಚಿತ್ರಮಂದಿರಗಳಿಗೆ ತಂದರು. ಎರಡು ಪಾಂಪೆ ಚಿತ್ರಗಳೂ ತಮಗೆ ದೊರೆತರೆ ಹಳೆಯದನ್ನು ಮೊದಲು ನೋಡಿ. ಧ್ವನಿಯನ್ನು ತುಸು ಏರಿಸಿಕೊಳ್ಳಿ, ಪಕ್ಕದ ಮನೆಯವರಿಗೆ ತೊಂದರೆಯಾಗದಷ್ಟು. ಖಾಲಿ ಪಾವಟಿಗೆಗಳ ನಡುವೆ ರೈಟ್ ಪಿಯಾನೊ ಮುಂದೆ ಕುಳಿತಿದ್ದಾರೆ, ವಯಸ್ಸು ಇಪ್ಪತ್ತೆಂಟು. ಅಷ್ಟು ದೂರದಲ್ಲಿ ಅಂಗಿ ಕಳಚಿದ ಗಿಲ್ಮೋರ್ ಇದ್ದಾರೆ, ಇಪ್ಪತ್ತೈದು. ಇಬ್ಬರೂ ಮೈಕಿನ ಹತ್ತಿರ ಬಾಗಿ ಒಟ್ಟಿಗೆ ಹಾಡುತ್ತಾರೆ.